ತಂತಿ ತಿನ್ನುವ ಬೆಳಕು
(ಕುಂಬಾರವಾಡದಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿತ್ತು. ಆ ಊರು ಕಾಳಿಯ ಹಿನ್ನೀರಿನಲ್ಲಿ ಮುಳುಗಿತು. ಅದನ್ನು ಮುಳುಗಿಸಿದ ಅಣೆಕಟ್ಟಿನ ಬುಡದಲ್ಲಿ, ಗಣೇಶಗುಡಿಯಲ್ಲಿ, ತಲಾ 50 ಮೆಗಾವ್ಯಾಟಿನ ಎರಡು ವಿದ್ಯುತ್ ಯಂತ್ರಗಳಿವೆ. ಹಾಗಿದ್ದೂ ಕಾಡಿನಂಚಿನ ಕೊನೆಯ ಮನೆಯ ದೀಪ ಸಂಜೆ ಏಳಕ್ಕೆ ಕೆಂಪಗೆ ಮಿಣುಕುವುದುಂಟು. ಇದೇಕೆಂಬುದನ್ನು ದೂರಿನ ಭಾಷೆಯಲ್ಲಿ ಹೇಳಲು ನಾವು ಬಲ್ಲೆವು. ಲೆಕ್ಕದ ಭಾಷೆಯಲ್ಲಿಯೂ ಹೇಳಲು ಕಲಿಯಬೇಕಾಗಿದೆ.

ಗುಡ್ಡದ ಒರತೆಯಿಂದ ಮನೆಗೆ ಪೈಪು ಎಳೆದವರಿಗೆ ಇದು ಕಷ್ಟವಲ್ಲ. ಒರತೆಯ ಎತ್ತರದಂತೆ ವೋಲ್ಟೇಜು, ಹರಿಯುವ ನೀರಿನಂತೆ ಆಂಪಿಯರ್‌ಗಳಲ್ಲಿ ಅಳೆಯುವ ಪ್ರವಾಹ, ಪೈಪಿನ ಇಕ್ಕಟ್ಟಿನಂತೆ ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ. ಮೋಟಾರುಗಳಿಗೆ ಗುಣಲಬ್ಧ ತುಸು ಹೆಚ್ಚು ತೋರುತ್ತದೆ. ಬಲ್ಬು, ಹೀಟರುಗಳಿಗೆ ಸರಿಹೊಂದುತ್ತದೆ.

ಮಲೆನಾಡಿನ ಅನೇಕ ಒಂಟಿ ಮನೆಗಳವರು ಹಳ್ಳದ ನೀರಿನಿಂದ ಕಿರು ಟರ್ಬೈನು ತಿರುಗಿಸುತ್ತಾರೆ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಹಳ್ಳದ ಬಳಿ 230 ವೋಲ್ಟ್, ಅರ್ಧ ಕಿಲೋಮೀಟರು ದೂರದ ಮನೆಯಲ್ಲಿ 200 ವೋಲ್ಟ್, ತಂತಿಯಲ್ಲಿ 4 ಆಂಪಿಯರ್. ನಡುವೆ ಕಳೆದದ್ದು 30 ವೋಲ್ಟ್. ಅದನ್ನು 4ರಿಂದ ಭಾಗಿಸಿದರೆ, ಹೋಗಿಬರುವ ಎರಡೂ ತಂತಿಗಳ ರೋಧ 7.5 ಓಮ್. 4ರಿಂದ ಗುಣಿಸಿದರೆ 120 ವ್ಯಾಟ್. ಹುಟ್ಟಿದ 920 ವ್ಯಾಟಿನಲ್ಲಿ ಅಷ್ಟು ತಂತಿಯನ್ನು ಬೆಚ್ಚಗಾಗಿಸುವುದಕ್ಕೇ ಹೋಯಿತು!

ಇದೇ ತಂತಿ ಊರಿನ ಕಂಬದ ಲೈನಾಗಿದ್ದು, ಸಂಜೆ 8 ಆಂಪಿಯರ್ ಹರಿಯಿತೆನ್ನಿ. ಕುಸಿತ 60 ವೋಲ್ಟ್, ನಷ್ಟ 480 ವ್ಯಾಟ್. ಬಳಕೆಯ ಪ್ರವಾಹ ಇಮ್ಮಡಿಯಾದಾಗ ನಷ್ಟ ನಾಲ್ಮಡಿಯಾಯಿತು. ಮಧ್ಯಾಹ್ನ ಬಂದು ಅಳೆದು ‘ಎಲ್ಲ ಸರಿಯಿದೆ’ ಎನ್ನುವವರ ಮಾತನ್ನು ಒಪ್ಪಬಾರದು ಎನ್ನುವುದು ಇದಕ್ಕಾಗಿಯೇ. ತಂತಿಯ ದಪ್ಪವನ್ನು, ಎಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಇಮ್ಮಡಿಗೊಳಿಸಿದರೆ ರೋಧ ಅರ್ಧವಾಗುತ್ತದೆ. ಇನ್ನೂ ಒಳ್ಳೆಯದೆಂದರೆ ಟ್ರಾನ್ಸ್‌ಫಾರ್ಮರನ್ನೇ ಮನೆಗಳ ಸಮೀಪಕ್ಕೆ ತರುವುದು. ವೋಲ್ಟೇಜು ನೂರು ಪಟ್ಟಾದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ನೂರರಲ್ಲೊಂದು ಪಾಲು ಸಾಕು. ಅದೇ ತಂತಿಯಲ್ಲಿ ನಷ್ಟ ಹತ್ತು ಸಾವಿರದಲ್ಲೊಂದು ಪಾಲು. ದೊಡ್ಡ ಗೋಪುರಗಳ ಮೇಲೆ ವಿದ್ಯುತ್ತು ದೂರದ ನಗರ ತಲುಪುವ ಗುಟ್ಟು ಇದೇ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೊಸ ಕಂಬ ನೆಡುವುದು ಸುಲಭವಲ್ಲವಾದ್ದರಿಂದ, ಇರುವ ಕಂಬಗಳ ಮೇಲೆ ಎಂಥ ತಂತಿ ಇರಬೇಕೆಂಬುದು ನಮಗೆ ದೊಡ್ಡ ಪ್ರಶ್ನೆ.

ವಿದ್ಯಾರ್ಥಿಗಳಿಗೊಂದು ಮಾತು. ಹಳೆಯ 60 ವ್ಯಾಟಿನ ಬಲ್ಬನ್ನು ಬಿಚ್ಚಿ ಮೀಟರಿನಲ್ಲಿ ಅಳೆದರೆ ರೋಧ ನೂರು ಓಮ್‌ಗಿಂತಲೂ ಕಡಿಮೆ ಕಾಣುತ್ತದೆ. ಉರಿಯುವಾಗಿನ ವೋಲ್ಟು, ಆಂಪಿಯರುಗಳಿಂದ ಲೆಕ್ಕ ಹಾಕಿದರೆ ಸುಮಾರು 880 ಓಮ್. ಎರಡೂ ನಿಜವೇ; ಕಾದ ಲೋಹದ ರೋಧ ಏರುತ್ತದೆ. ಆದ್ದರಿಂದ ಬೆಳಕಿನ ಲೆಕ್ಕಕ್ಕೆ ಉರಿಯುವಾಗಿನ ಅಳತೆಯೇ ಬೇಕು.

1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಗೆ ಕೊಡುವ ವೋಲ್ಟೇಜು ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂದು ವಿಧಿಸಿದ್ದವು. ಆ ಅಳತೆಗೋಲಿನಂತೆ 230ರ ಕೆಳಮಿತಿ ಸುಮಾರು 216. ಯಾರೂ ಕಂಬ ಹತ್ತಬೇಡಿ. ಲೈನ್‌ಮನ್ನರ ಸಮಕ್ಷಮದಲ್ಲಿ, ಸಂಜೆ ಏಳರಿಂದ ಒಂಬತ್ತರೊಳಗೆ, ಟ್ರಾನ್ಸ್‌ಫಾರ್ಮರಿನ ಬಳಿ ಮತ್ತು ಕೊನೆಯ ಮನೆಯಲ್ಲಿ ಒಂದೇ ಹೊತ್ತಿಗೆ ವೋಲ್ಟು ಅಳೆಯಿಸಿ. ಕ್ಲ್ಯಾಂಪ್ ಮೀಟರಿನಿಂದ ಆಂಪಿಯರು ನೋಡಿಸಿ. ಒಂದು ವಾರದ ಅಳತೆಗಳನ್ನು ದಿನಾಂಕ, ಗಂಟೆ ಸಹಿತ ಬರೆದು, ಸಹಿ ಹಾಕಿಸಿ, ಮನವಿಯ ಜೊತೆ ಲಗತ್ತಿಸಿರಿ.