ಅಡುಗೆಮನೆಯ ಅಚ್ಚುಕಟ್ಟು



ನಿಮ್ಮ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ, ಹೇಳಬಲ್ಲಿರಾ? ಮೆಂತ್ಯ ಎಲ್ಲಿದೆ? ಗ್ಯಾಸಿನ ರೆಗ್ಯುಲೇಟರನ್ನು ಬಂದ್ ಮಾಡಲು ನಿಮಗೆ ಬರುತ್ತದೆಯೆ? "ಅಮ್ಮನನ್ನೇ ಕೇಳಬೇಕು" ಎಂದು ನಿಮ್ಮಲ್ಲಿ ಕೆಲವರಾದರೂ ಹೇಳಬಹುದು. ಇಂದಿನ ಮಾತಿನ ತಿರುಳು ಆ ಉತ್ತರದಲ್ಲೇ ಇದೆ. ಸಾಮಾನು ಇರುವ ಜಾಗ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಅಡುಗೆಮನೆಯ ಕೆಲಸವೂ ಆ ಒಬ್ಬರ ಪಾಲಿಗೇ ಉಳಿಯುತ್ತದೆ. ಅವರು ಜ್ವರದಿಂದ ಮಲಗಿದರೂ ಬಿಡುವಿಲ್ಲ.

ಅಡುಗೆಮನೆಯ ವ್ಯವಸ್ಥೆಯನ್ನು ಒಂದು ಶಾಸ್ತ್ರದಂತೆ ಅಧ್ಯಯನ ಮಾಡಿದವರಿದ್ದಾರೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಮನೆಗಳಿಗೆ ಬಹಳ ಅಭಾವವಿತ್ತು. ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದರು. ಅಗಲ ಸುಮಾರು 1.9 ಮೀಟರ್, ಉದ್ದ ಸುಮಾರು 3.4 ಮೀಟರ್. ಇಕ್ಕಟ್ಟಾದ ರೈಲಿನ ಅಡುಗೆಮನೆಯಿಂದ ಅವರು ಪಾಠ ಕಲಿತರು. ಒಂದೊಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಸಮಯ ಎಂಬ ಲೆಕ್ಕದ ಮೇಲೆ ಎಲ್ಲದಕ್ಕೂ ಜಾಗ ಗೊತ್ತುಮಾಡಿದರು. ಹಿಟ್ಟು, ಅಕ್ಕಿ, ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳಿದ್ದವು. ಇಂಥ ಸುಮಾರು 10,000 ಅಡುಗೆಮನೆಗಳು ಸಿದ್ಧವಾದವು. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತು. ಅಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಶ್ರಮ ಕಡಿಮೆಯಾಯಿತು, ಶ್ರಮದ ಹಂಚಿಕೆ ಆಗಲಿಲ್ಲ. ನಮಗೆ ಎರಡೂ ಬೇಕು.

ಹಾಗಾದರೆ ಆರಂಭ ಹೇಗೆ? ಇಡೀ ಅಡುಗೆಮನೆಯನ್ನು ಒಂದೇ ದಿನ ಹರವಬೇಡಿ. ಒಂದು ಕಪಾಟಿನ ಸಾಮಾನನ್ನು ಮಾತ್ರ ಇಳಿಸಿ ಮೂರು ಗುಂಪು ಮಾಡಿ: ದಿನಬಳಕೆಯದು, ಹಬ್ಬ-ಹರಿದಿನಕ್ಕೆ ಬೇಕಾದದ್ದು, ಬಳಕೆಯೇ ಇಲ್ಲದ್ದು. ಮುಚ್ಚಳವಿಲ್ಲದ ಡಬ್ಬಿ, ಹಿಡಿ ಮುರಿದ ಬಾಣಲೆ ಮೂರನೆಯ ಗುಂಪಿಗೆ ಸೇರಲಿ. ಆದರೆ ಅಡುಗೆ ಮಾಡುವವರನ್ನು ಕೇಳದೆ ಏನನ್ನೂ ಎಸೆಯಬೇಡಿ. ನಿಮಗೆ ಹಳೆಯ ಪಾತ್ರೆಯಾಗಿ ಕಂಡದ್ದು ಅಜ್ಜಿಯ ಕೈಗೆ ಒಗ್ಗಿದ ಅಳತೆಯಾಗಿರಬಹುದು.

ಎರಡನೆಯದು, ಕೆಲಸ ಎಲ್ಲಿಯೋ ಸಾಮಾನು ಅಲ್ಲಿ. ಒಗ್ಗರಣೆಯ ಎಣ್ಣೆ ಕಾದ ಮೇಲೆ ಇಂಗು ಹುಡುಕಲು ಸಮಯವೆಲ್ಲಿ? ಮಸಾಲೆ ಡಬ್ಬಿ ಒಲೆಯ ಬಳಿ ಕೈಗೆಟುಕುವಂತಿರಲಿ. ದಿನಬಳಕೆಯದು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿ, ಭಾರದ ಸಾಮಾನು ಕೆಳಗೆ, ಅಪರೂಪದ್ದು ಮೇಲೆ. ಡಬ್ಬಿಗಳ ಮೇಲೆ ಹೆಸರಿನ ಚೀಟಿ ಅಂಟಿಸಿ. ಮೈದಾ ಹಿಟ್ಟಿಗೂ ಅಕ್ಕಿ ಹಿಟ್ಟಿಗೂ ವ್ಯತ್ಯಾಸ ತಿಳಿಯದವರೂ ಆಗ ಕೈ ಜೋಡಿಸಬಹುದು.

ಮೂರನೆಯದು, ಹಳೆಯದು ಮುಂದೆ, ಹೊಸದು ಹಿಂದೆ. ಉಳಿದ ರವೆಯ ಮೇಲೆ ಹೊಸ ರವೆ ಸುರಿದರೆ, ಹಳೆಯದರಲ್ಲಿ ಹುಳುವಿದ್ದಲ್ಲಿ ಎಲ್ಲವೂ ಹಾಳು. ಡಬ್ಬಿ ಖಾಲಿ ಮಾಡಿ, ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಹೊಸದನ್ನು ತುಂಬಿ.

ನಾಲ್ಕನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಸಿಲಿಂಡರಿನ ಸುತ್ತ ಹಳೆಯ ಪೇಪರು, ಚೀಲಗಳನ್ನು ತುರುಕಬೇಡಿ, ಕೆಳಗೂ ಗಾಳಿಯಾಡಲಿ. ಸಿಲಿಂಡರು ಸದಾ ನೆಟ್ಟಗೆ ನಿಂತಿರಲಿ. ವಾಸನೆ ಬಂದರೆ ಉರಿಯನ್ನೆಲ್ಲ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಅದರ ಕಿಡಿಯೊಂದೇ ಸಾಕು. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಾಗೆಯೇ ಫಿನಾಯಿಲ್, ಕೀಟನಾಶಕಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು.

ಮಿತ್ರರೇ, ಒಮ್ಮೆ ಜೋಡಿಸಿದ ಮಾತ್ರಕ್ಕೆ ಅಚ್ಚುಕಟ್ಟು ಉಳಿಯುವುದಿಲ್ಲ. ತೆಗೆದುಕೊಂಡವರು ಅಲ್ಲೇ ಇಟ್ಟರೆ ಉಳಿಯುತ್ತದೆ. ಇದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುವ ಬುದ್ಧಿಮಾತಲ್ಲ. ಊಟ ಮಾಡುವ ಪ್ರತಿಯೊಬ್ಬರಿಗೂ ಸಲ್ಲುತ್ತದೆ. ಬರುವ ಭಾನುವಾರ ಒಂದು ಕಪಾಟನ್ನು ಆರಿಸಿಕೊಳ್ಳಿ. ಅಮ್ಮನಿಗೆ ಸಹಾಯವೆಂದಲ್ಲ, ನಿಮ್ಮ ಮನೆಯ ಕೆಲಸವೆಂದೇ ಮಾಡಿ.