ದಾರಿಯ ಹಕ್ಕು ಮತ್ತು ನಮ್ಮ ಮೌನ



ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ನಿರ್ಮಿಸಲು ಸರಕಾರವು 2016ರಲ್ಲಿ ಹೊರಟಿತು. ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಲಿದ್ದವು. ಅಕ್ಟೋಬರ್ 16ರಂದು ಜನರು ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಆ ಗೆಲುವನ್ನು ನಾವು ಕೊಂಡಾಡುತ್ತೇವೆ. ಆದರೆ ಮೊದಲೇ ಜನರ ಅಭಿಪ್ರಾಯ ಕೇಳಿದ್ದರೆ ಅವರು ಬೀದಿಗಿಳಿಯಬೇಕಿತ್ತೇ?

ಸಮಾಲೋಚನೆಯ ಹೆಸರನ್ನೇ ಹೊತ್ತ ಅಧ್ಯಾಯವೊಂದು ಪವಿತ್ರ ಕುರ್‌ಆನಿನಲ್ಲಿದೆ. ದಾರಿಯಲ್ಲಿನ ಅಡ್ಡಿಯನ್ನು ನಿವಾರಿಸುವುದು ಸತ್ಯವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ(ಸ)ರು ಕಲಿಸಿದರು. ಜುಮಾ ದಿನ ಮಸೀದಿಯ ಮುಂದೆ ಅಡ್ಡಾದಿಡ್ಡಿಯಾಗಿ ಬೈಕ್ ನಿಲ್ಲಿಸುವಾಗ ಮಾತ್ರ ಅದು ನಮಗೆ ನೆನಪಾಗುವುದಿಲ್ಲ!

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ವಿಧಿಸಿತು. ಹಲವೆಡೆ ಅವು ಕಾಗದದಲ್ಲೇ ಉಳಿದಿವೆ. ಸಭೆ ನಡೆದರೂ ಕಾರುಳ್ಳವರ ದನಿಯೇ ದೊಡ್ಡದು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಮಗುವಿನ ಕೈಹಿಡಿದು ನಡೆಯುವ ನಮ್ಮ ಸಹೋದರಿಯರು ಎಷ್ಟು ಮಂದಿ ಅಲ್ಲಿದ್ದಾರೆ? 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಅವರಿಗೆ ಉಚಿತ ಪ್ರಯಾಣವನ್ನೇನೋ ಕೊಟ್ಟಿತು. ಆದರೆ ಯಾವ ಮೊಹಲ್ಲಾಕ್ಕೆ, ಯಾವ ಹೊತ್ತಿಗೆ ಬಸ್ಸು ಬರಬೇಕೆಂದು ಅವರನ್ನು ಯಾರು ಕೇಳಿದರು? ಮುಂದಿನ ವಾರ್ಡ್ ಸಭೆಗೆ ಜಮಾಅತಿನ ಹಿರಿಯರು ಮಾತ್ರ ಹೋಗುವುದು ಬೇಡ, ಅವರನ್ನೂ ಕರೆದೊಯ್ಯಿರಿ. ಮಾತು ಅವರೇ ಆಡಲಿ.