ಉಸಿರಿಗೊಂದು ರಿಜಿಸ್ಟರ್

ಬೇಲೂರಿನಲ್ಲಿ ಮೈಕು ಹಿಡಿದವರು ಚೆನ್ನಕೇಶವನಿಂದ ಶುರು ಮಾಡುವುದು ವಾಡಿಕೆ. ಊಟದ ಹೊತ್ತು ಹತ್ತಿರವಾಗಿರುವುದರಿಂದ ಕೈಮುಗಿದು ಮುಂದೆ ಹೋಗುತ್ತೇನೆ.

ಇವತ್ತಿನ ವಿಷಯ ಸಿಓಪಿಡಿ, ಅಂದರೆ ಉಸಿರ್ನಾಳಕ್ಕೆ ಅಡಚಣೆ ಒಡ್ಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ನಮ್ಮ ಬೆಂಚಿನ ಮೇಲೆ ಕೂತ ರೋಗಿಗಳಲ್ಲಿ ಯಾರು ಬರುವ ಚಳಿಗಾಲದಲ್ಲಿ ಆಸ್ಪತ್ರೆ ಸೇರುತ್ತಾರೆ, ಯಾರ ಜೀವಕ್ಕೆ ಅಪಾಯವಿದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅಂದಾಜು ಮಾಡಬಹುದೇ? 2016ರ ಅಂದಾಜಿನಂತೆ ದೇಶದಲ್ಲಿ ಈ ಕಾಯಿಲೆಯವರು ಸುಮಾರು 5.5 ಕೋಟಿ. ಅವರಲ್ಲಿ ಬಹುಮಂದಿ ಎದೆರೋಗ ತಜ್ಞರ ಮುಖ ಕಂಡವರಲ್ಲ.

ಇಂಥ ಅಂದಾಜಿಗೆ ಸೂಚ್ಯಂಕಗಳ ಬರವಿಲ್ಲ. 2004ರಲ್ಲಿ ‘ಬೋಡ್’ ಬಂತು: ದೇಹತೂಕದ ಸೂಚಿ, ಉಸಿರ್ನಾಳದ ಅಡಚಣೆ, ಏದುಸಿರು, ಆರು ನಿಮಿಷದ ನಡಿಗೆ, ಸೊನ್ನೆಯಿಂದ ಹತ್ತರವರೆಗೆ ಅಂಕ, ಅಂಕ ಏರಿದಷ್ಟೂ ಸಾವಿನ ಭಯ ಹೆಚ್ಚು. ಒಳ್ಳೆಯ ಕೆಲಸ. ಆದರೆ ಆ ನಡಿಗೆಗೆ ಮೂವತ್ತು ಮೀಟರ್ ಸಮತಟ್ಟು ಜಾಗ ಬೇಕು. ನಮ್ಮಲ್ಲಿ ಹತ್ತು ಹೆಜ್ಜೆಗೆ ಲಸಿಕೆಯ ಫ್ರಿಜ್ ಅಡ್ಡ ಬರುತ್ತದೆ. 2009ರ ‘ಅಡೋ’ ನಡಿಗೆ ಬಿಟ್ಟು ವಯಸ್ಸನ್ನು ಹಿಡಿಯಿತು. ಅದೇ ವರ್ಷದ ‘ಡೋಸ್’ ನಮಗೆ ಇನ್ನೂ ಹತ್ತಿರ, ಆದರೆ ಅದು ಧೂಮಪಾನಕ್ಕೆ ಅಂಕ ಕೊಡುತ್ತದೆ. ಬೀಡಿ ಮುಟ್ಟದೆ ಮದುವೆಯಾದಾಗಿನಿಂದ ಸೌದೆ ಒಲೆ ಊದಿದ ತೋಟದ ಕೂಲಿಗಳ ಲೈನ್ ಮನೆಯ ಹೆಂಗಸಿಗೆ ಅಲ್ಲಿ ಸೊನ್ನೆ! ಅವಳ ಹೊಗೆಯ ಲೆಕ್ಕ ಹಾಕಿದವರು ನಮ್ಮ ಪಕ್ಕದ ಮೈಸೂರಿನವರೇ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎನ್ನುವುದನ್ನು ಎಷ್ಟು ವರ್ಷ ಎನ್ನುವುದರಿಂದ ಗುಣಿಸಿ. 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಭಯ ಹೆಚ್ಚು ಎಂದು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಅಧ್ಯಯನ 2013ರಲ್ಲಿ ಹೇಳಿತು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ. ನಮ್ಮ ಸೀಮೆಯಲ್ಲಿ ಮೂವತ್ತೈದು ತುಂಬುವುದರೊಳಗೆ ಎಷ್ಟು ಜನ ಅಲ್ಲಿಗೆ ಮುಟ್ಟಿರುತ್ತಾರೆ, ನೀವೇ ಹೇಳಿ.

ಇನ್ನು ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಇದನ್ನು ಕೇಳಿ ಕೇಳಿ ಬೇಸತ್ತವರು ಕ್ಷಮಿಸಬೇಕು.

2,138 ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿದ ಎಕ್ಲಿಪ್ಸ್ ಅಧ್ಯಯನ 2010ರಲ್ಲಿ ಕಂಡುಕೊಂಡದ್ದು ಇಷ್ಟು: ಕಾಯಿಲೆ ಮತ್ತೆ ಉಲ್ಬಣಿಸುತ್ತದೆಯೇ ಎನ್ನುವುದಕ್ಕೆ ಅತಿ ಗಟ್ಟಿಯಾದ ಸುಳಿವು, ಹಿಂದೆ ಉಲ್ಬಣಿಸಿತ್ತೇ ಎನ್ನುವುದು. ಸಿಓಪಿಡಿಯ ಜಾಗತಿಕ ಮಾರ್ಗಸೂಚಿಯಾದ ‘ಗೋಲ್ಡ್’ನ 2023ರ ಆವೃತ್ತಿಯೂ ಇದನ್ನೇ ಹಿಡಿಯಿತು. ವರ್ಷದಲ್ಲಿ ಎರಡು ಸಲ ಉಲ್ಬಣಿಸಿದ್ದರೆ, ಅಥವಾ ಒಂದು ಸಲ ಆಸ್ಪತ್ರೆಯಲ್ಲಿ ಮಲಗಿದ್ದರೆ, ಅವರದು ಅಪಾಯದ ಗುಂಪು ಎಂದಿತು. ಇದಕ್ಕೆ ಯಂತ್ರ ಬೇಡ, ನಡಿಗೆಯ ಜಾಗವೂ ಬೇಡ. ಹೋದ ವರ್ಷ ಏನಾಯಿತು ಎಂಬುದು ಗೊತ್ತಿದ್ದರೆ ಸಾಕು.

ನಮಗೆ ಗೊತ್ತಿಲ್ಲದಿರುವುದು ಅದೊಂದೇ. ಕಾರ್ತಿಕದಲ್ಲಿ ದಮ್ಮು ಹೆಚ್ಚಾಯಿತೆಂದು ಅಜ್ಜ ಊರಿನ ಕ್ಲಿನಿಕ್ಕಿಗೆ ಹೋಗಿ ಡೆರಿಫಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾನೆ. ಸಂಕ್ರಾಂತಿಯ ಹೊತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ನೆಬ್ಯುಲೈಸರ್. ಶಿವರಾತ್ರಿ ಕಳೆದು ನಮ್ಮ ಹತ್ತಿರ ಬಂದು, ‘ಏನಿಲ್ಲ ಸಾರ್, ಸ್ವಲ್ಪ ಗೂರಲು’ ಎನ್ನುತ್ತಾನೆ. ಚೀಟಿ ಮನೆಯಲ್ಲಿ. ನಾವು ಐದು ದಿನದ ಮಾತ್ರೆ ಬರೆದು, ‘ನೆಕ್ಸ್ಟ್’ ಎನ್ನುತ್ತೇವೆ. ಮೂರು ಉಲ್ಬಣ, ಮೂರು ಬಾಗಿಲು. ಪ್ರತಿ ಬಾಗಿಲಲ್ಲೂ ಅದು ಮೊದಲನೆಯದು. ಬಿಪಿಗೆ ರಿಜಿಸ್ಟರ್ ಇದೆ, ಶುಗರ್‌ಗಿದೆ, ಕ್ಷಯಕ್ಕೆ ನಿಕ್ಷಯ್ ಪೋರ್ಟಲ್ ಇದೆ. ಉಸಿರಿಗೆ? ಮನೆಮನೆಗೆ ಹೋಗುವ ಆಶಾ ಅಕ್ಕಂದಿರು ಮೂವತ್ತು ದಾಟಿದವರನ್ನು, ಉಸಿರು ಕಟ್ಟುತ್ತದೆಯೇ, ಅಡುಗೆಗೆ ಯಾವ ಉರುವಲು ಎಂದು ನಮೂನೆಯಲ್ಲಿ ಕೇಳಿಯೇ ಕೇಳುತ್ತಾರೆ. ಆ ಉತ್ತರ ಮೇಲಕ್ಕೆ ಹೋಗುತ್ತದೆ. ನನ್ನ ಮೇಜಿಗೆ ಇಳಿದು ಬಂದದ್ದನ್ನು ನಾನಂತೂ ನೋಡಿಲ್ಲ.

ಹಿಂದೊಂದು ಪರಿಶೀಲನಾ ಸಭೆಯಲ್ಲಿ ಈ ಮಾತೆತ್ತಿದಾಗ, ‘ಇದಕ್ಕೆ ಹೆಡ್ ಆಫ್ ಅಕೌಂಟ್ ಇಲ್ಲ ಡಾಕ್ಟ್ರೇ’ ಎಂದು ಕೂರಿಸಿದರು. ನಾನು ಕೇಳಿದ್ದು ಅನುದಾನವಲ್ಲ, ಗೆರೆ ಎಳೆದ ಒಂದು ಪುಸ್ತಕ! ಎದೆರೋಗ ತಜ್ಞ ಮಿತ್ರರದು ಬೇರೆ ತಕರಾರು: ಸ್ಪೈರೋಮೆಟ್ರಿಯಲ್ಲಿ, ಅಂದರೆ ಊದುವ ಪರೀಕ್ಷೆಯಲ್ಲಿ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಗೂ ಊದಿದ ಒಟ್ಟು ಗಾಳಿಗೂ ಇರುವ ಅನುಪಾತ 0.7ಕ್ಕಿಂತ ಕೆಳಗಿಳಿಯದೆ ಸಿಓಪಿಡಿ ಎಂದು ಬರೆಯಬಾರದು. ಅವರು ಹೇಳುವುದು ಸರಿ. ಆಸ್ತಮಾ, ವಾಸಿಯಾದ ಕ್ಷಯದ ಕಲೆ, ಸೋತ ಹೃದಯ, ಎಲ್ಲವೂ ಒಂದೇ ಬೆಂಚಿನಲ್ಲಿ ಕೂತು ಏದುಸಿರು ಬಿಡುತ್ತವೆ. ಅದಕ್ಕೇ ಪುಸ್ತಕಕ್ಕೆ ಸಿಓಪಿಡಿ ಎಂದು ಹೆಸರಿಡುವುದು ಬೇಡ, ‘ಉಸಿರಾಟದ ರಿಜಿಸ್ಟರ್’ ಸಾಕು ಎನ್ನುತ್ತಿದ್ದೇನೆ. ಹೆಸರು ಖಚಿತವಾಗುವವರೆಗೆ ಯಾರನ್ನೂ ಎಣಿಸಬಾರದು ಎನ್ನುವುದಾದರೆ, ಸ್ಪೈರೋಮೀಟರನ್ನೇ ಕಾಣದ ನಮ್ಮ ಕೇಂದ್ರಗಳಲ್ಲಿ ಎಣಿಕೆ ಶುರುವಾಗುವುದು ಯಾವಾಗ?

ಅದರಲ್ಲಿ ಐದು ಕಲಂ. ವರ್ಷದಲ್ಲಿ ಎಷ್ಟು ಸಲ ಇಂಜೆಕ್ಷನ್, ನೆಬ್ಯುಲೈಸರ್ ಅಥವಾ ಸ್ಟೀರಾಯ್ಡ್ ಮಾತ್ರೆ. ಎಷ್ಟು ಸಲ ದಾಖಲು. ಏದುಸಿರಿನ ಮಟ್ಟ: ಓರಗೆಯವರ ಜೊತೆ ಹೆಜ್ಜೆ ಹಾಕಲಾಗುತ್ತದೆಯೇ, ನೂರು ಮೀಟರಿಗೆ ನಿಲ್ಲಬೇಕೇ, ಸೀರೆ ಉಡುವಾಗಲೂ ಮೇಲುಸಿರೇ? ನಾಲ್ಕನೆಯದು ತೂಕ, ಬೋಡ್‌ನಲ್ಲಿ ದೇಹತೂಕದ ಸೂಚಿ 21 ದಾಟದಿದ್ದರೆ ಅಪಾಯದ ಅಂಕ ಬೀಳುತ್ತದೆ, ನಮ್ಮ ಕೂಲಿ ಅಜ್ಜಂದಿರಲ್ಲಿ 21 ದಾಟಿದವರನ್ನು ಹುಡುಕಬೇಕು. ಐದನೆಯದು ಆಕ್ಸಿಮೀಟರ್ ಓದು. ಕೋವಿಡ್ ಕಾಲದಲ್ಲಿ ಬಂದವು ಡ್ರಾಯರಿನಲ್ಲಿ ಮಲಗಿವೆ, ಸೆಲ್ ಬದಲಿಸಿದರೆ ಸಾಕು. ಇದರಿಂದ ಸಿಗುವ ಅಪಾಯದ ಅಂದಾಜು ಗುಂಪಿನ ಲೆಕ್ಕ, ಒಬ್ಬರ ಹಣೆಬರಹವಲ್ಲ. ರೋಗಿಯ ಮುಂದೆ ಅದನ್ನು ಓದಿ ಹೆದರಿಸಬೇಡಿ. ಅಪಾಯದ ಗುಂಪಿನವರು ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ಕರೆಸಿ, ಇನ್‌ಹೇಲರ್ ಎಳೆಯುವುದನ್ನು ಕಣ್ಣಾರೆ ನೋಡಿ. ತೂಕ ಇಳಿದಿದ್ದರೆ ಕ್ಷಯವಿದೆಯೇ ಎಂದು ಕಫ ಪರೀಕ್ಷೆಗೆ ಕಳಿಸಿ.

ಜೊತೆಗೆ ತಾಲ್ಲೂಕಿಗೊಂದು ಸ್ಪೈರೋಮೀಟರ್, ತರಬೇತಿಯಾದ ಒಬ್ಬ ನರ್ಸ್, ವಾರಕ್ಕೊಂದು ನಿಗದಿತ ದಿನ ಮುಂದೆ ಸಿಗಲಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಬಿಡುಗಡೆಯಾದವರ ಪಟ್ಟಿ ತಿಂಗಳಿಗೊಮ್ಮೆ ನಮಗೆ ಬರಲಿ. ಲೈನ್ ಮನೆಗಳ ಒಲೆಗೆಲ್ಲ ತೋಟದ ಮಾಲೀಕರು ಹೊಗೆಕೊಳವೆ ಹಾಕಿಸಲಿ ಎಂದೂ ಆಸೆಯಿದೆ. ಆಸೆಗೇನು, ಸಿಲಿಂಡರನ್ನು ಮೂಲೆಗಿಟ್ಟ ಮನೆಗಳಿಗೆ ಮತ್ತೆ ಗ್ಯಾಸ್ ತುಂಬಿಸುವ ದುಡ್ಡೂ ಬರಲಿ.

ಡೆರಿಫಿಲಿನ್ ಇಂಜೆಕ್ಷನ್ನಿಗೆ ಕಡಿವಾಣ ಹಾಕುವ ನನ್ನ ನಿರ್ಣಯವನ್ನು ಹಿಂದೆ ಇದೇ ಸಭೆ ಕೈಬಿಟ್ಟಿತ್ತು. ಯಾರು ಕೈ ಎತ್ತಲಿಲ್ಲ ಎನ್ನುವುದು ನನಗೆ ನೆನಪಿದೆ, ಇರಲಿ. ಈ ಸಲ ನಿರ್ಣಯದಲ್ಲಿ ಕೇಳುತ್ತಿರುವುದು ರಿಜಿಸ್ಟರ್ ಮಾತ್ರ. ಮಾದರಿ ಪುಟಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಊಟಕ್ಕೆ ಹೋಗುವಾಗ ನಿಮ್ಮ ಕೇಂದ್ರದ ಹೆಸರು ಬರೆದು ತಲಾ ಒಂದನ್ನು ತೆಗೆದುಕೊಳ್ಳಿ. ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯ ಮತಕ್ಕೆ ಬರುತ್ತದೆ.